ಪಂದ್ಯಕ್ಕಿಳಿಯದ ಬ್ಯಾಟ್: ಫಂಗೊ ರೂಪುಗೊಂಡ ಬಗೆ

ಬೇಸ್‌ಬಾಲ್ ತಂಡವೊಂದರ ಸಾಮಾನುಗಳ ನಡುವೆ, ಪಂದ್ಯದಲ್ಲಿ ಯಾವ ಆಟಗಾರನೂ ಕೈಗೆತ್ತಿಕೊಳ್ಳದ, ಆದರೆ ಪಂದ್ಯದ ಬ್ಯಾಟುಗಳಿಗಿಂತ ಹೆಚ್ಚು ದುಡಿಯುವ ಒಂದು ಬ್ಯಾಟ್ ಇರುತ್ತದೆ. ಉದ್ದವಾಗಿ, ಸಪೂರವಾಗಿ, ಹಗುರವಾಗಿರುವ ಈ ಬ್ಯಾಟಿಗೆ ಫಂಗೊ ಎಂದು ಹೆಸರು. ತರಬೇತುದಾರನು ಒಂದು ಕೈಯಿಂದ ಚೆಂಡನ್ನು ಮೇಲಕ್ಕೆ ಚಿಮ್ಮಿಸಿ, ಅದು ಇಳಿದು ಬರುವಾಗ ಫಂಗೊದಿಂದ ಹೊಡೆದು, ನೆಲದ ಮೇಲೆ ಪುಟಿಯುತ್ತ ಸಾಗುವ ಚೆಂಡನ್ನೋ ಆಕಾಶಕ್ಕೇರಿ ಇಳಿಯುವ ಚೆಂಡನ್ನೋ ಕ್ಷೇತ್ರರಕ್ಷಕರಿಗೆ ಮತ್ತೆ ಮತ್ತೆ ಒದಗಿಸುತ್ತಾನೆ. ಹೊಡೆಯುವವನ ಸಾಮರ್ಥ್ಯವನ್ನು ಮೆರೆಸುವುದಕ್ಕಿಂತ ಎದುರಿಗೆ ನಿಂತು ಹಿಡಿಯುವವನನ್ನು ತಿದ್ದುವುದೇ ಇದರ ಕೆಲಸ. ಇದರ ಉದ್ದ, ತೂಕ, ಮರ ಎಲ್ಲವೂ ಆ ಕೆಲಸಕ್ಕೆ ತಕ್ಕಂತೆ ರೂಪುಗೊಂಡಿವೆ.

ಇದರ ಹಿನ್ನೆಲೆಯನ್ನು ಅರಿಯಲು ಅಮೆರಿಕದ ಬೇಸ್‌ಬಾಲ್ ನಿಯಮಗಳಲ್ಲಾದ ಒಂದು ಬದಲಾವಣೆಯನ್ನು ಗಮನಿಸಬೇಕು. 1864ರವರೆಗೂ, ಹೊಡೆದ ಚೆಂಡು ಒಮ್ಮೆ ನೆಲಕ್ಕೆ ಪುಟಿದ ಮೇಲೆ ಹಿಡಿದರೂ ಬ್ಯಾಟ್ಸ್‌ಮನ್ ಔಟಾಗುತ್ತಿದ್ದನು. 1865ರ ಋತುವಿನಿಂದ, ಗೆರೆಗಳ ಒಳಗೆ ಬಿದ್ದ ಚೆಂಡಿನ ಮಟ್ಟಿಗೆ ಈ ರಿಯಾಯಿತಿ ರದ್ದಾಗಿ, ಗಾಳಿಯಲ್ಲಿರುವಾಗಲೇ ಚೆಂಡನ್ನು ಹಿಡಿಯುವುದು ಕಡ್ಡಾಯವಾಯಿತು. ಕೈಗವಸುಗಳು ಇನ್ನೂ ಬಳಕೆಗೆ ಬಾರದಿದ್ದ ಆ ಕಾಲದಲ್ಲಿ, ಬರಿಗೈಯಿಂದ ಎತ್ತರದ ಕ್ಯಾಚ್ ಹಿಡಿಯುವುದು ಸತತ ಅಭ್ಯಾಸವನ್ನು ಬೇಡುವ ವಿದ್ಯೆಯಾಗಿತ್ತು. ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ 1824ರಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ಹೋಗಿ, ಮೊದಲು ಕ್ರಿಕೆಟ್ ವರದಿಗಾರರಾಗಿದ್ದು ಅನಂತರ ಬೇಸ್‌ಬಾಲ್ ಬರವಣಿಗೆಗೆ ಅಡಿಪಾಯ ಹಾಕಿದ ಹೆನ್ರಿ ಚಾಡ್ವಿಕ್ ಅವರು, 1867ರ ತಮ್ಮ ಕೈಪಿಡಿಯೊಂದರಲ್ಲಿ ಫಂಗೊವನ್ನು ಒಂದು ಪೂರ್ವಾಭ್ಯಾಸದ ಆಟವೆಂದು ವಿವರಿಸುತ್ತಾರೆ. ಒಬ್ಬನು ಚೆಂಡನ್ನು ತಾನೇ ಎಸೆದುಕೊಂಡು ಹೊಡೆಯುತ್ತಾನೆ. ಅದನ್ನು ನೇರವಾಗಿ ಹಿಡಿದವನಿಗೆ ಬ್ಯಾಟ್ ದೊರೆಯುತ್ತದೆ. ಬ್ಯಾಟಿಂಗ್ ಕಲಿಕೆಗೆ ಇದು ಪ್ರಯೋಜನವಿಲ್ಲವೆಂದೂ ಕ್ಯಾಚ್ ಹಿಡಿಯಲು ಕಲಿಯುವುದಕ್ಕೆ ಒಳ್ಳೆಯದೆಂದೂ ಚಾಡ್ವಿಕ್ ಅವರು ಆಗಲೇ ಗುರುತಿಸಿದ್ದು ಸೂಕ್ಷ್ಮವಾದ ವಿವೇಚನೆ, ಏಕೆಂದರೆ ಮುಂದೆ ಈ ಬ್ಯಾಟಿನ ವಿಕಾಸವೆಲ್ಲ ಇದೇ ವ್ಯತ್ಯಾಸದ ಮೇಲೆ ನಿಂತಿತು.

ಆ ವ್ಯತ್ಯಾಸಕ್ಕೆ ಭೌತಶಾಸ್ತ್ರದ ಕಾರಣವೂ ಇದೆ. ಪಂದ್ಯದಲ್ಲಿ ಎಸೆತಗಾರನ ಚೆಂಡು ಗಂಟೆಗೆ ಸುಮಾರು 145 ಕಿಲೋಮೀಟರ್ ವೇಗದಲ್ಲಿ ಬರುತ್ತದೆ. ಅದನ್ನು ತಡೆದು ಹಿಂದಿರುಗಿಸಲು ಬ್ಯಾಟಿಗೆ ತಕ್ಕಷ್ಟು ತೂಕ ಬೇಕು, ಆದ್ದರಿಂದಲೇ ವೃತ್ತಿಪರರ ಮರದ ಬ್ಯಾಟ್ ಸಾಮಾನ್ಯವಾಗಿ 84ರಿಂದ 86 ಸೆಂಟಿಮೀಟರ್ ಉದ್ದವಿದ್ದು 900 ಗ್ರಾಮಿನ ಆಸುಪಾಸಿನಲ್ಲಿ ತೂಗುತ್ತದೆ. ತಾನೇ ಚಿಮ್ಮಿಸಿದ ಚೆಂಡಿಗಾದರೋ ಎದುರು ವೇಗವೆಂಬುದು ಬಹುಮಟ್ಟಿಗೆ ಇಲ್ಲ. ಅಲ್ಲಿ ಹೊಡೆತದ ಬಿರುಸು ಬ್ಯಾಟ್ ಬೀಸುವ ವೇಗದಿಂದಲೇ ಹುಟ್ಟಬೇಕಾಗುವುದರಿಂದ, ತೂಕ ಕಳೆದುಕೊಂಡರೂ ವೇಗ ಗಳಿಸುವ ಬ್ಯಾಟ್ ಲಾಭದಾಯಕವಾಗುತ್ತದೆ. ಹೀಗಾಗಿ ಫಂಗೊ ಸಾಮಾನ್ಯವಾಗಿ 89ರಿಂದ 94 ಸೆಂಟಿಮೀಟರ್‌ವರೆಗೆ ಉದ್ದವಾಗಿ ಬೆಳೆದು, 480ರಿಂದ 620 ಗ್ರಾಂ ತೂಕಕ್ಕೆ ಇಳಿಯಿತು. ಚೆಂಡಿಗೆ ತಾಗುವ ಅದರ ಮುಂಭಾಗವೂ ಪಂದ್ಯದ ಬ್ಯಾಟಿಗಿಂತ ಸಪೂರವಾಯಿತು. ಈ ಹಗುರತನಕ್ಕೆ ತೆರಬೇಕಾದ ಬೆಲೆಯೂ ಉಂಟು: ವೇಗದ ಎಸೆತಕ್ಕೆ ಒಡ್ಡಿದರೆ ಮರದ ಫಂಗೊ ಮುರಿಯುವ ಸಂಭವ ಹೆಚ್ಚಾದ್ದರಿಂದ, ಎಸೆದ ಚೆಂಡಿಗೆ ಇದನ್ನು ಬಳಸಬಾರದೆಂದು ತಯಾರಕರು ಎಚ್ಚರಿಸುತ್ತಾರೆ.

ಈ ಸಾಧನವನ್ನು ಕಲೆಯ ಮಟ್ಟಕ್ಕೆ ಏರಿಸಿದವರಲ್ಲಿ ಜಿಮ್ಮಿ ರೀಸ್ ಅವರ ಹೆಸರನ್ನು ಮೊದಲಿಗೆ ಹೇಳಬೇಕು. 1901ರಲ್ಲಿ ಹುಟ್ಟಿ, 1930ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡದಲ್ಲಿ ಬೇಬ್ ರೂತ್ ಅವರ ಜತೆಗಾರರಾಗಿ ಆಡಿದ್ದ ರೀಸ್, ಎಪ್ಪತ್ತರ ವಯಸ್ಸಿನಲ್ಲಿ, ಅಂದರೆ 1972ರಲ್ಲಿ, ಕ್ಯಾಲಿಫೋರ್ನಿಯಾ ಏಂಜಲ್ಸ್ ತಂಡದ ತರಬೇತುದಾರರಾಗಿ ಸೇರಿ 1994ರಲ್ಲಿ ನಿಧನರಾಗುವವರೆಗೂ ಅಲ್ಲಿಯೇ ಇದ್ದರು. ಮರಗೆಲಸ ಬಲ್ಲವರಾಗಿದ್ದ ಅವರು ತಮ್ಮ ಫಂಗೊಗಳನ್ನು ತಾವೇ ತಯಾರಿಸಿಕೊಳ್ಳುತ್ತಿದ್ದರು. ಬ್ಯಾಟಿನ ಒಂದು ಪಕ್ಕವನ್ನು ಉದ್ದಕ್ಕೆ ಸೀಳಿ ಚಪ್ಪಟೆ ಮಾಡಿಕೊಂಡಿದ್ದುದು ಅವರ ವಿಶೇಷ; ಆ ಚಪ್ಪಟೆ ಮೈಯಿಂದ ಬಗ್ಗದೆಯೇ ನೆಲದ ಚೆಂಡನ್ನು ಎತ್ತಿಕೊಳ್ಳುತ್ತಿದ್ದರು, ಬೇಕಾದ ಜಾಗಕ್ಕೆ ಕರಾರುವಾಕ್ಕಾಗಿ ಹೊಡೆಯುತ್ತಿದ್ದರು. ಎಸೆತಗಾರನ ದಿಣ್ಣೆಯಲ್ಲಿ ನಿಂತು, ಕೈಯಿಂದ ಎಸೆಯುವ ಬದಲು ಫಂಗೊದಿಂದಲೇ ಚೆಂಡು ಹೊಡೆದು ಕಳುಹಿಸಿ ಬ್ಯಾಟಿಂಗ್ ಅಭ್ಯಾಸ ಮಾಡಿಸಬಲ್ಲವರಾಗಿದ್ದರೆಂಬುದು ಅವರ ನಿಖರತೆಗೆ ಸಾಕ್ಷಿ. ಪ್ರಸಿದ್ಧ ಎಸೆತಗಾರ ನೋಲನ್ ರಯಾನ್ ತಮ್ಮ ಮಗನಿಗೆ ರೀಸ್ ಎಂದೇ ಹೆಸರಿಟ್ಟರು. ರೀಸ್ ಅವರು ಧರಿಸುತ್ತಿದ್ದ 50ನೆಯ ಸಂಖ್ಯೆಯನ್ನು ಏಂಜಲ್ಸ್ ತಂಡವು ಬೇರೆ ಯಾರಿಗೂ ಕೊಡದಂತೆ ನಿವೃತ್ತಗೊಳಿಸಿತು. ತರಬೇತುದಾರನೊಬ್ಬನಿಗೆ ಇಂಥ ಗೌರವ ಸಲ್ಲುವುದು ತೀರ ಅಪರೂಪ.

ಜಪಾನಿನಲ್ಲಿ ಇದೇ ಅಭ್ಯಾಸಕ್ಕೆ ನೊಕ್ಕು ಎನ್ನುತ್ತಾರೆ, ಮತ್ತು ಅಲ್ಲಿ ಅದು ಶಿಸ್ತಿನ ವ್ರತವೇ ಆಗಿ ಬೆಳೆಯಿತು. 1919ರಲ್ಲಿ ವಾಸೆದಾ ವಿಶ್ವವಿದ್ಯಾಲಯದ ತಂಡದ ಹೊಣೆ ಹೊತ್ತ ತೊಬಿತಾ ಸುಯಿಶೂ ಅವರು, ಆಟಗಾರರು ಬಸವಳಿದು ಕುಸಿಯುವವರೆಗೂ ಚೆಂಡು ಹಿಡಿಸುವ ಕಠೋರ ಅಭ್ಯಾಸಕ್ಕೆ ಹೆಸರಾದರು. ತಾವು ಆಟಗಾರರಾಗಿದ್ದಾಗ ತಮ್ಮ ತಂಡವನ್ನು ಸೋಲಿಸಿದ್ದ ಷಿಕಾಗೊ ವಿಶ್ವವಿದ್ಯಾಲಯದ ವಿರುದ್ಧ 1925ರಲ್ಲಿ ಗೆಲುವು ಸಾಧಿಸಿದ ಮೇಲೆ ಆ ಹೊಣೆಯಿಂದ ಇಳಿದರು. ಒಬ್ಬನೇ ಆಟಗಾರನಿಗೆ ಸಾವಿರ ಚೆಂಡು ಹೊಡೆಯುವ ಸೆಂಬೊನ್ ನೊಕ್ಕು ಎಂಬ ಪದ್ಧತಿಯ ಹಿಂದಿರುವುದು ಇದೇ ಮನೋಧರ್ಮ. ಆಟಗಾರರ ದೇಹವನ್ನು ಹಾಗೆ ದಂಡಿಸುವುದನ್ನು ಇಂದು ಒಪ್ಪಲಾಗದು. ಅಲ್ಲದೆ ಸಾವಿರ ಹೊಡೆತಗಳ ಭಾರ ಹೊಡೆಯುವವನ ತೋಳಿನ ಮೇಲೂ ಬೀಳುತ್ತದೆಂಬುದನ್ನು ಮರೆಯುವಂತಿಲ್ಲ. ಜಪಾನಿನ ಕುಶಲಕರ್ಮಿಗಳು ಹಗುರವಾದ ಹೊ ಮರದಿಂದ, ಅಂದರೆ ಸಂಪಿಗೆಯ ಕುಟುಂಬಕ್ಕೇ ಸೇರಿದ ಮ್ಯಾಗ್ನೋಲಿಯಾ ಜಾತಿಯ ಮರದಿಂದ, ನೊಕ್ಕು ಬ್ಯಾಟುಗಳನ್ನು ಕಡೆಯುವುದು ಈ ಕಾರಣಕ್ಕೆ ಅರ್ಥಪೂರ್ಣ. ಕೊಶಿಯೆನ್ ಮೈದಾನದ ಪ್ರೌಢಶಾಲಾ ಪಂದ್ಯಾವಳಿಯಲ್ಲಿ ಪಂದ್ಯಕ್ಕೆ ಮುನ್ನ ತಂಡಕ್ಕೆ ದೊರೆಯುವ ಕೆಲವೇ ನಿಮಿಷಗಳ ನೊಕ್ಕು ಪ್ರೇಕ್ಷಕರು ಕಾದು ನೋಡುವ ಪ್ರದರ್ಶನವೂ ಹೌದು.

ಬ್ಯಾಟ್ ಆರಿಸಿಕೊಳ್ಳುವ ತರಬೇತುದಾರನು ಮೊದಲು ತಾನು ಯಾವ ಬಗೆಯ ಚೆಂಡನ್ನು ಹೆಚ್ಚಾಗಿ ಹೊಡೆಯಬೇಕಾಗಿದೆ ಎಂಬುದನ್ನು ನಿಶ್ಚಯಿಸಬೇಕು. ಒಳಮೈದಾನದವರಿಗೆ ನೆಲದ ಚೆಂಡು ಕಳುಹಿಸಲು ದೂರಕ್ಕಿಂತ ಗುರಿ ಮುಖ್ಯವಾದ್ದರಿಂದ, ಒಂದೇ ಕೈಯಲ್ಲೂ ಬೀಸಬಹುದಾದ 84ರಿಂದ 89 ಸೆಂಟಿಮೀಟರ್‌ಗಳ ಗಿಡ್ಡ ಫಂಗೊ ಒಪ್ಪುತ್ತದೆ. ಹೊರಮೈದಾನದ ಬೇಲಿಯವರೆಗೆ ಎತ್ತರದ ಚೆಂಡು ತಲುಪಿಸಲು ಇನ್ನೂ ಉದ್ದದ್ದು ಬೇಕು. ಅಲ್ಯೂಮಿನಿಯಮ್ ಫಂಗೊಗಳು ಹೆಚ್ಚು ಬಾಳುತ್ತವೆ, ಆದರೆ ಚೆಂಡು ಎಲ್ಲಿ ತಾಗಿತೆಂಬುದನ್ನು ಅಂಗೈಗೆ ತಿಳಿಸುವುದರಲ್ಲಿ ಮರವೇ ಮೇಲೆಂದು ಭಾವಿಸುವವರು ಬಹಳ. ಅಮೆರಿಕದಲ್ಲಿ ಬ್ಯಾಟಿಗೆ ಪರಂಪರೆಯಿಂದ ಬಳಕೆಯಲ್ಲಿರುವ ಬಿಳಿ ಆಶ್ ಮರಕ್ಕೆ, 2002ರಲ್ಲಿ ಮಿಷಿಗನ್‌ನಲ್ಲಿ ಪತ್ತೆಯಾದ ಕೊರೆಯುವ ಹುಳುವೊಂದರಿಂದ ವ್ಯಾಪಕ ಹಾನಿಯಾಗಿದ್ದು, ಮೇಪಲ್ ಮೊದಲಾದ ಮರಗಳ ಕಡೆಗೆ ಒಲವು ಹೆಚ್ಚಿದೆ.

ಫಂಗೊ ಹಿಡಿದವನಿಗೆ ಎಲ್ಲಕ್ಕಿಂತ ಕಠಿಣವಾದುದು ಬ್ಯಾಟ್ಸ್‌ಮನ್‌ನ ಹಿಂದೆ ಕುಳಿತಿರುವ ಕ್ಯಾಚರ್‌ಗಾಗಿ ಚೆಂಡನ್ನು ನೆಟ್ಟಗೆ ಮೇಲಕ್ಕೆ ಹೊಡೆಯುವ ಕೆಲಸ. ಚೆಂಡಿನ ಅಡಿಭಾಗಕ್ಕೆ ತಾಗಿದ ಹೊಡೆತವು ಅದಕ್ಕೆ ತೀವ್ರವಾದ ಹಿಮ್ಮುಖ ತಿರುಗನ್ನು ಕೊಡುತ್ತದೆ. ತಿರುಗುವ ಚೆಂಡನ್ನು ಗಾಳಿ ಪಕ್ಕಕ್ಕೆ ತಳ್ಳುವುದರಿಂದ ಅದು ಇಳಿಯುವಾಗ ಬಾಗಿ, ಕೆಲವೊಮ್ಮೆ ಸುರುಳಿಯನ್ನೇ ಸುತ್ತಿ, ಮೈದಾನದ ಕಡೆಗೆ ಜಾರುತ್ತದೆ. ಅನುಭವಿಗಳೂ ಇದರ ಕೆಳಗೆ ತಡಬಡಿಸುವುದೇಕೆಂದು 2008ರಲ್ಲಿ ಅಮೆರಿಕದ ಸಂಶೋಧಕರು ಭೌತಶಾಸ್ತ್ರ ಪತ್ರಿಕೆಯೊಂದರಲ್ಲಿ ವಿಶ್ಲೇಷಿಸಿದ್ದಾರೆ. ಕ್ಯಾಚರ್ ಇದನ್ನು ಕಲಿಯಬೇಕಾದರೆ ಅದೇ ತಿರುಗುಳ್ಳ ಚೆಂಡು ಪದೇ ಪದೇ ಮೇಲೇರಬೇಕು. ಫಂಗೊದ ಸಪೂರ ಮೈ ಚೆಂಡಿನ ಅಡಿಗೆ ಸುಲಭವಾಗಿ ನುಗ್ಗುವುದರಿಂದ ಅದು ಸಾಧ್ಯವಾಗುತ್ತದೆ.

ಈ ಪರಂಪರೆ ಕ್ರಿಕೆಟ್ಟಿಗೂ ಹರಿದಿದೆ. ಬೇಸ್‌ಬಾಲ್ ತರಬೇತುದಾರರಾಗಿದ್ದ ಅಮೆರಿಕ ಮೂಲದ ಮೈಕ್ ಯಂಗ್ ಅವರು ಆಸ್ಟ್ರೇಲಿಯಾ ಕ್ರಿಕೆಟ್ ತಂಡಕ್ಕೆ ಕ್ಷೇತ್ರರಕ್ಷಣೆ ಕಲಿಸಿದರು. ಕ್ಷೇತ್ರರಕ್ಷಣೆಗೇ ಮೀಸಲಾದ ತರಬೇತುದಾರನೆಂಬ ಹುದ್ದೆ ಇಂದು ಭಾರತ ತಂಡದಲ್ಲೂ ಇದೆ. ಕರ್ನಾಟಕದ ಹಲವು ಕ್ರಿಕೆಟ್ ಶಿಬಿರಗಳಲ್ಲಿ ಮಕ್ಕಳಿಗೆ ಕ್ಯಾಚ್ ಹೊಡೆಯಲು ಪಂದ್ಯದ ಬ್ಯಾಟನ್ನೇ ಬಳಸುವ ರೂಢಿ ಇರುವುದರಿಂದ, ಒಂದು ಕಿಲೋಗ್ರಾಂಗಿಂತ ಹೆಚ್ಚು ತೂಗುವ ಆ ಬ್ಯಾಟನ್ನು ನೂರಾರು ಬಾರಿ ಬೀಸಿದ ತರಬೇತುದಾರನ ತೋಳು ಸೋತು ಹೊಡೆತ ಗುರಿ ತಪ್ಪತೊಡಗಿದಾಗ, ಸರದಿಯ ಕೊನೆಯಲ್ಲಿ ನಿಂತ ಮಗುವಿಗೆ ಸಿಗುವ ಅಭ್ಯಾಸ ಮೊದಲಿನವರದ್ದಕ್ಕಿಂತ ಕಳಪೆಯಾಗುತ್ತದೆ. ಅಂಥ ಕಡೆ ಹಗುರವಾದೊಂದು ಅಭ್ಯಾಸದ ಬ್ಯಾಟನ್ನು ಬೇರೆಯಾಗಿ ಇಟ್ಟುಕೊಳ್ಳುವುದು ಖಂಡಿತವಾಗಿ ಉಚಿತ.