ಕಬ್ಬಿನ ದುಡ್ಡು, ಮಕ್ಕಳ ಮೈದಾನ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಹುಡುಗರ ಆಟಕ್ಕೆ ಮೊದಲು ಹಣ ಕೊಟ್ಟವರು ಊರವರೇ. ಜಾತ್ರೆ ಸಮೀಪಿಸಿದರೆ ಹಿರಿಯರು ಮನೆಮನೆ ತಿರುಗಿ ವಂತಿಗೆಯ ಪಟ್ಟಿ ಎತ್ತುತ್ತಿದ್ದರು. ಕುಸ್ತಿ ಕಣದ ಕೆಂಪು ಮಣ್ಣು, ಹಲಗಿಯವರ ಕೂಲಿ, ಪರವೂರ ಪೈಲ್ವಾನರ ಊಟ ಎಲ್ಲವೂ ಅದರಲ್ಲೇ. ಚಿಕ್ಕ ಹುಡುಗರ ಜೋಡಿಗೆ ತೆಂಗಿನಕಾಯಿ, ನಿರ್ಣಾಯಕವಾದ ನಿಕಾಲಿ ಕುಸ್ತಿ ಗೆದ್ದವನಿಗೆ ಬೆಳ್ಳಿ ಕಡಗ. ಜಾತ್ರೆ ಮುಗಿದ ಮೇಲೆ ಹಾಲು, ತುಪ್ಪ, ಬಾದಾಮಿಯ ಖುರಾಕು ಮಾತ್ರ ಮನೆಯವರ ಹೊಣೆ.

ಯುವಕರ ಮೈಕಟ್ಟಿಗೆ ಶಿಸ್ತು, ಸೇವೆಯ ಗುರಿ ಕೊಟ್ಟವರು ಸ್ವಾತಂತ್ರ್ಯ ಹೋರಾಟಗಾರ ಡಾ. ನಾ.ಸು. ಹರ್ಡೀಕರ. 1923ರ ಕಾಕಿನಾಡ ಕಾಂಗ್ರೆಸ್ ಅಧಿವೇಶನದಲ್ಲಿ ಅವರ ಹಿಂದೂಸ್ತಾನಿ ಸೇವಾದಳ ರೂಪುಗೊಂಡಿತು. ಮರುವರ್ಷ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನದಲ್ಲಿ ದಳದ ಸ್ವಯಂಸೇವಕರು ದುಡಿದರು. ಹರ್ಡೀಕರರ ಮುಂದಿನ ಕರ್ಮಭೂಮಿ ಇದೇ ಗೋಕಾಕ ತಾಲ್ಲೂಕಿನ ಘಟಪ್ರಭಾ.

ಆದರೆ ಈ ಸೀಮೆಗೆ ದೊಡ್ಡ ಹಣ ಬಂದದ್ದು ನೀರಿನಿಂದ. 1897ರಲ್ಲಿ ಧೂಪದಾಳ ಒಡ್ಡಿನಿಂದ ಕಾಲುವೆ ಹರಿಯಿತು. ಆಮೇಲೆ ಹಿಡಕಲ್ ಜಲಾಶಯ ಬಂತು. ಜೋಳದ ಹೊಲಗಳಲ್ಲಿ ಕಬ್ಬು ನಿಂತಿತು, ಕಾರ್ಖಾನೆಗಳು ಎದ್ದವು. ಸಂಕೇಶ್ವರದಲ್ಲಿ ರೈತರ ಸಹಕಾರಿ ಹಿರಣ್ಯಕೇಶಿ, ಹುಣಶ್ಯಾಳ ಪಿ.ಜಿ.ಯಲ್ಲಿ ಖಾಸಗಿ ಸತೀಶ ಶುಗರ್ಸ್. ಆ ಕಂಪನಿಯ ಹೆಸರಿನ 'ಸತೀಶ ಶುಗರ್ಸ್ ಅವಾರ್ಡ್ಸ್'ನಲ್ಲಿ ಶಾಲಾ ಕಾಲೇಜು ಮಕ್ಕಳು ಹಾಡು, ನೃತ್ಯ, ಭಾಷಣಗಳಲ್ಲಿ ಸೆಣಸಿ ಗೋಕಾಕದ ದೊಡ್ಡ ವೇದಿಕೆ ಏರುತ್ತಾರೆ. ದೇಹದಾರ್ಢ್ಯ ಪಟುಗಳಿಗೂ ಅಲ್ಲಿ ಜಾಗವಿದೆ. ಊರ ಗ್ಯಾದರಿಂಗಿನಲ್ಲಷ್ಟೇ ಹಾಡಿದ ಹುಡುಗಿಗೆ ಸಾವಿರಾರು ಜನರೆದುರು ನಿಲ್ಲುವ ಧೈರ್ಯ ಬರುವುದು ಸಣ್ಣ ಮಾತಲ್ಲ.

2014ರ ಏಪ್ರಿಲ್‌ನಿಂದ ಇಂಥ ನೆರವಿಗೆ ಕಾನೂನಿನ ಬಲವೂ ಬಂದಿದೆ. 2013ರ ಕಂಪನಿ ಕಾಯ್ದೆಯಂತೆ, ನಿಗದಿತ ಮಟ್ಟದ ಲಾಭ ಅಥವಾ ವಹಿವಾಟು ಇರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ವ್ಯಯಿಸಬೇಕು. ಹಾಗೆ ವ್ಯಯಿಸಬಹುದಾದ ಕೆಲಸಗಳ ಪಟ್ಟಿಯಲ್ಲಿ ಗ್ರಾಮೀಣ ಕ್ರೀಡಾ ತರಬೇತಿಯೂ ಇದೆ.

ಆದರೆ ಬಹುಮಾನ ಒಂದು ದಿನದ್ದು, ತಾಲೀಮು ವರ್ಷವಿಡೀ. ಗರಡಿಗೊಬ್ಬ ವಸ್ತಾದ, ಮೈದಾನಕ್ಕೊಬ್ಬ ತರಬೇತುದಾರ, ಅವರಿಗೆ ತಿಂಗಳ ಸಂಬಳ, ಬಡ ಮಕ್ಕಳಿಗೆ ಖುರಾಕು: ಮುಂದಿನ ಹಣ ಇಲ್ಲಿಗೆ ಹರಿಯಬೇಕು. ಸಹಕಾರಿ ಕಾರ್ಖಾನೆಗಳ ಮಾಲೀಕರಂತೂ ಕಬ್ಬು ಬೆಳೆಯುವ ಸದಸ್ಯರೇ. ಈ ಸಲದ ವಾರ್ಷಿಕ ಸಭೆಯಲ್ಲಿ ಕಬ್ಬಿನ ದರದ ಜೊತೆಗೆ ಮಕ್ಕಳ ಮೈದಾನದ ಮಾತನ್ನೂ ಅವರು ಎತ್ತಲಿ.