ಅಕ್ಕಿಗೊಂದು ತೂಕ, ಅವಲಕ್ಕಿಗೊಂದು ತೂಕ

ಸುಳ್ಯ ಸೀಮೆಯಲ್ಲಿ ಗದ್ದೆಯ ಗೇಣಿ ಅಕ್ಕಿಮುಡಿಯ ಲೆಕ್ಕದಲ್ಲಿ ಸಂದಾಯವಾಗುತ್ತಿದ್ದ ಕಾಲವೊಂದಿತ್ತು. 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. 42 ಸೇರು ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ ಹಗ್ಗದಿಂದ ಬಿಗಿದರೆ ಮುಡಿ ಸಿದ್ಧ. ತಕ್ಕಡಿಗೆ ಅಲ್ಲಿ ಕೆಲಸವಿರಲಿಲ್ಲ. 1958ರಿಂದ ದೇಶದಲ್ಲಿ ಮೆಟ್ರಿಕ್ ತೂಕ ಹಂತಹಂತವಾಗಿ ಜಾರಿಗೆ ಬಂದು ಅಂಗಡಿಗಳು ಕಿಲೋಗೆ ತಿರುಗಿದವು. ಅಕ್ಕಿ ಡಬ್ಬದೊಳಗಿನ ಪಾವು ಮಾತ್ರ ಜಾಗ ಬಿಡಲಿಲ್ಲ. ಕೊಲ್ಲಮೊಗ್ರು, ಹರಿಹರ, ಕಲ್ಮಕಾರು ಕಡೆಯ ಅಡುಗೆಮನೆಗಳಲ್ಲಿ ಬೆಳ್ತಿಗೆ ಅಕ್ಕಿ ಪಾವಿನಲ್ಲೋ ಕುಡ್ತೆಯಲ್ಲೋ ಸ್ಟೀಲ್ ಲೋಟದಲ್ಲೋ ಅಳೆಯುವಂಥದ್ದು. ಕಾಯಿ ಒಂದು ಕಡಿ, ಉಪ್ಪು ರುಚಿಗೆ.

ಈ ಅಳತೆಯಲ್ಲಿ ಕೊರತೆಯೇನೂ ಇಲ್ಲ. ಅಕ್ಕಿ, ಉದ್ದು, ನೀರು ಮೂರನ್ನೂ ಒಂದೇ ಲೋಟದಲ್ಲಿ ಅಳೆದರೆ ಲೋಟ ಎಷ್ಟೇ ದೊಡ್ಡದಿರಲಿ, ಹದ ಕೆಡದು. ಪಾಕದ ಜೀವ ಪ್ರಮಾಣದಲ್ಲಿದೆ. ಬೆಂಗಳೂರಿಗೋ ದುಬೈಗೋ ಹೋದ ಮಗಳು ಅಮ್ಮನ ಲೆಕ್ಕದ ಅರ್ಧವನ್ನು ಕಪ್ಪಿನಲ್ಲಿ, ಇನ್ನರ್ಧವನ್ನು ಗ್ರಾಮಿನಲ್ಲಿ ಹಿಡಿಯಲು ಹೊರಟಾಗಲೇ ತೊಡಕು.

ಕಪ್ಪೂ ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದ್ದು ಸುಮಾರು 240 ಮಿಲಿ, ಆಸ್ಟ್ರೇಲಿಯಾದ್ದು 250. ಅಲ್ಲಿನ ದೊಡ್ಡ ಚಮಚ 20 ಮಿಲಿ, ಬೇರೆ ಹೆಚ್ಚಿನ ಕಡೆ 15. ಇದು ಸಣ್ಣ ವ್ಯತ್ಯಾಸ. ದೊಡ್ಡದು ಪದಾರ್ಥದೊಳಗಿದೆ. 240 ಮಿಲಿ ಕಪ್ಪಿನಲ್ಲಿ ಸಕ್ಕರೆ ಸುಮಾರು 200 ಗ್ರಾಂ ಹಿಡಿದರೆ ಮೈದಾ 120ರ ಆಸುಪಾಸು. ತೆಂಗಿನೆಣ್ಣೆ 220, ಜೇನು 340. ಅಂಗಡಿಯ ಒಂದು ಲೀಟರ್ ಎಣ್ಣೆ ಪ್ಯಾಕೆಟ್ ತಿರುಗಿಸಿ ನೋಡಿ, 910 ಗ್ರಾಂ ಎಂದಿರುತ್ತದೆ. ಅಕ್ಕಿಗೂ ಉದ್ದಿನಬೇಳೆಗೂ ತೂಕ ಹೆಚ್ಚುಕಡಿಮೆ ಸರಿಸಮ, ಹಾಗಾಗಿ ಇಡ್ಲಿ ಹಿಟ್ಟಿಗೆ ಪಾವಾದರೂ ಸರಿ, ತಕ್ಕಡಿಯಾದರೂ ಸರಿ. ಅದೇ ಹಿಟ್ಟಿಗೆ ಅವಲಕ್ಕಿ ಸೇರಿಸುವ ಮನೆಯಲ್ಲಿ ಲೆಕ್ಕ ತಿರುಗಿಬೀಳುತ್ತದೆ: ಒಂದು ಪಾವು ಅಕ್ಕಿಯ ತೂಕಕ್ಕೆ ಒಂದು ಪಾವು ಅವಲಕ್ಕಿ ಅರ್ಧವೂ ತೂಗದು.

ಹಿಟ್ಟು ಇನ್ನೂ ಚಂಚಲ. ಜರಡಿ ಹಿಡಿದು ಹಗುರವಾಗಿ ತುಂಬಿದರೆ ಒಂದು ತೂಕ, ಒತ್ತಿ ತುಂಬಿದರೆ ಇನ್ನೊಂದು. ಬಾಯಿಮಟ್ಟ ಸವರಿದ ಪಾವೂ ಗೋಪುರದಂತೆ ಏರಿಸಿದ ಪಾವೂ ಒಂದೇ ಆಗುವುದಿಲ್ಲ. ಪುಷ್ಪಗಿರಿ ತಪ್ಪಲಿನ ಆಟಿ ಮಳೆಯಲ್ಲಿ ಉಪ್ಪು ನೀರೊಡೆಯುತ್ತದೆ, ಬೆಲ್ಲ ಕರಗಿ ಕೈಗಂಟುತ್ತದೆ. ಹಳೆ ಅಕ್ಕಿ ಕುಡಿಯುವಷ್ಟು ನೀರನ್ನು ಹೊಸ ಅಕ್ಕಿ ಕುಡಿಯುವುದಿಲ್ಲ. ಇದಕ್ಕೆಲ್ಲ ಯಾವ ಪಟ್ಟಿಯೂ ಉತ್ತರ ಕೊಡಲಾರದು, ಕೈಯೇ ಕೊಡಬೇಕು. ಆದರೆ ಪಟ್ಟಿ ಬೇಡವೆನ್ನುವುದನ್ನು ನಾನು ಒಪ್ಪುವುದಿಲ್ಲ. ಪಾವು ಕಳೆದುಹೋದ ಮನೆಯಲ್ಲಿ ಅಜ್ಜಿಯ ಕೊಟ್ಟಿಗೆ, ಪತ್ರೊಡೆ ತಿಂಡಿಗಳ ಲೆಕ್ಕವೂ ಅದರೊಂದಿಗೇ ಹೋಗಿಬಿಡುತ್ತದೆ.

ಮಾಡಬೇಕಾದ್ದು ಒಂದು ಮಧ್ಯಾಹ್ನದ ಕೆಲಸ. ಮನೆಯ ಪಾವನ್ನು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಬಾಯಿಮಟ್ಟ ನೀರು ತುಂಬಿ. ಬಂದ ಗ್ರಾಮೇ ಅದರ ಮಿಲಿಲೀಟರ್. ಒರೆಸಿ ಒಣಗಿಸಿ ಕುಚ್ಚಲಕ್ಕಿ, ಬೆಳ್ತಿಗೆ, ಉದ್ದು, ಅವಲಕ್ಕಿ, ಅಕ್ಕಿಹಿಟ್ಟನ್ನು ಅಮ್ಮ ದಿನವೂ ತುಂಬುವ ರೀತಿಯಲ್ಲೇ ಅವರ ಕೈಯಿಂದಲೇ ತುಂಬಿಸಿ, ತೂಗಿ ಬರೆದಿಡಿ. ಕಾಯಿಯನ್ನು ಮಾತ್ರ ಕಡಿಯ ಲೆಕ್ಕಕ್ಕೆ ಬಿಡಬೇಡಿ. ಒಂದು ತೆಂಗಿನಕಾಯಿಯಂತೆ ಇನ್ನೊಂದಿಲ್ಲ. ಅಮ್ಮ ನೀರ್‌ದೋಸೆಗೆ ಹೆರೆದ ತುರಿಯನ್ನು ರುಬ್ಬುವ ಮುನ್ನವೇ ತೂಗಿಕೊಳ್ಳಿ.