ನಡುಗದ ಕೈ: ಕಣ್ಣಿನ ಶಸ್ತ್ರಚಿಕಿತ್ಸೆಗೆ ರೋಬೋಟ್ ನೆರವು



ಮೊದಲು ಒಂದು ಚಿಕ್ಕ ಪ್ರಯೋಗ ಮಾಡೋಣ. ನಿಮ್ಮ ಬಲಗೈಯನ್ನು ನೇರವಾಗಿ ಮುಂದಕ್ಕೆ ಚಾಚಿ. ಅಂಗೈ ಕೆಳಮುಖವಾಗಿರಲಿ. ಕೈಯ ಮೇಲೆ ನೋಟ್‌ಪುಸ್ತಕದ ಒಂದು ಹಾಳೆ ಇಟ್ಟು, ಅದರ ಅಂಚನ್ನು ಗಮನಿಸಿ. ಕೈ ಅಲುಗಿಸದಿದ್ದರೂ ಅಂಚು ನಡುಗುತ್ತಿದೆ ಅಲ್ಲವೇ? ಹೆದರಬೇಡಿ, ಇದು ರೋಗವಲ್ಲ. ಎಲ್ಲರ ಕೈಯೂ ಸೆಕೆಂಡಿಗೆ ಸುಮಾರು 8ರಿಂದ 12 ಬಾರಿ ಸೂಕ್ಷ್ಮವಾಗಿ ನಡುಗುತ್ತಲೇ ಇರುತ್ತದೆ. ಬರೆಯಲು, ಹೂ ಕಟ್ಟಲು ಇದರಿಂದ ತೊಂದರೆಯಿಲ್ಲ. ಆದರೆ ಕಣ್ಣಿನ ಒಳಗೆ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರಿಗೆ ಇದು ದೊಡ್ಡ ಸವಾಲು. ಏಕೆ?

ಕಣ್ಣಿನ ಹಿಂದಿನ ಪರದೆ

ಕಣ್ಣುಗುಡ್ಡೆಯ ಒಳಗೆ, ಹಿಂಭಾಗದಲ್ಲಿ, ಬೆಳಕನ್ನು ಗ್ರಹಿಸುವ ಒಂದು ಪರದೆ ಇದೆ. ಅದೇ ಅಕ್ಷಿಪಟಲ ಅಥವಾ ರೆಟಿನಾ. ಅದರ ದಪ್ಪ ಸುಮಾರು ಕಾಲು ಮಿಲಿಮೀಟರ್ ಮಾತ್ರ. ಕೆಲವರಲ್ಲಿ ಅದರ ಮೇಲೆ ಬೇಡದ ತೆಳುಪದರವೊಂದು ಬೆಳೆಯುತ್ತದೆ. ಈ ಪದರ ಅಕ್ಷಿಪಟಲವನ್ನು ಎಳೆದು ಸುಕ್ಕಾಗಿಸುತ್ತದೆ. ಆಗ ನೇರವಾದ ಗೆರೆಯೂ ಡೊಂಕಾಗಿ ಕಾಣುತ್ತದೆ.

ಈ ಪದರವನ್ನು ಸುಲಿದು ತೆಗೆಯಬೇಕು. ಆದರೆ ಅದರ ದಪ್ಪ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು! ನುರಿತ ವೈದ್ಯರ ಕೈಯ ನಡುಕವೇ ಅದರ ಹತ್ತು ಪಟ್ಟು ಇರಬಹುದು. ಅಕ್ಷಿಪಟಲದ ನರಕೋಶಗಳು ಒಮ್ಮೆ ನಾಶವಾದರೆ ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ ಇಲ್ಲಿ ಸಣ್ಣ ತಪ್ಪಿಗೂ ದೃಷ್ಟಿಯೇ ಬೆಲೆ.

ರೋಬೋಟ್ ಬಂದಿತು

2016ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದ ಜಾನ್ ರ್ಯಾಡ್‌ಕ್ಲಿಫ್ ಆಸ್ಪತ್ರೆಯಲ್ಲಿ ಡಾ. ರಾಬರ್ಟ್ ಮೆಕ್ಲಾರೆನ್ ಅವರು ರೋಬೋಟ್ ನೆರವಿನಿಂದ ಮನುಷ್ಯನ ಕಣ್ಣಿನ ಒಳಗೆ ಶಸ್ತ್ರಚಿಕಿತ್ಸೆ ಮಾಡಿದರು. ಪ್ರಪಂಚದಲ್ಲಿ ಇದೇ ಮೊದಲು. ಈ ರೋಬೋಟನ್ನು ತಯಾರಿಸಿದ್ದು ನೆದರ್ಲ್ಯಾಂಡ್ಸ್ ದೇಶದ ಪ್ರಿಸೈಸ್ ಎಂಬ ಕಂಪನಿ.

ಸಿನಿಮಾದಲ್ಲಿ ಬರುವಂತಹ ಯಂತ್ರಮಾನವ ಇದಲ್ಲ. ಇದು ಸೂಜಿಯಂತಹ ಉಪಕರಣವನ್ನು ಹಿಡಿದಿರುವ ಒಂದು ಯಾಂತ್ರಿಕ ಕೈ. ಉಪಕರಣವು ಒಂದು ಮಿಲಿಮೀಟರಿಗಿಂತ ಚಿಕ್ಕದಾದ ರಂಧ್ರದ ಮೂಲಕ ಕಣ್ಣಿನೊಳಗೆ ಹೋಗುತ್ತದೆ. ವೈದ್ಯರು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಜಾಯ್‌ಸ್ಟಿಕ್ ಎಂಬ ಹಿಡಿಯನ್ನು ಆಡಿಸುತ್ತಾರೆ.

ನಿಮ್ಮ ತರಗತಿಯ ಬಾಗಿಲನ್ನು ಮೆಲ್ಲಗೆ ತೆರೆದು ನೋಡಿ. ಹಿಡಿಯ ಬಳಿ ಬಾಗಿಲು ಬಹಳ ದೂರ ಚಲಿಸುತ್ತದೆ, ಕೀಲಿನ ಬಳಿ ಸ್ವಲ್ಪವೇ ಚಲಿಸುತ್ತದೆ. ಹಾಗೆಯೇ ವೈದ್ಯರ ಕೈಯ ದೊಡ್ಡ ಚಲನೆ ಉಪಕರಣದ ತುದಿಯಲ್ಲಿ ಅತಿ ಚಿಕ್ಕದಾಗುತ್ತದೆ. ಇಲ್ಲಿ ಈ ಕೆಲಸ ಮಾಡುವುದು ಕಂಪ್ಯೂಟರ್ ಮತ್ತು ಏಳು ಮೋಟಾರುಗಳು. ಕಾಳಿನಿಂದ ಹೊಟ್ಟನ್ನು ಕೇರಿ ತೆಗೆಯುವಂತೆ, ಕಂಪ್ಯೂಟರ್ ಕೈಯ ನಡುಕವನ್ನು ಬೇರ್ಪಡಿಸಿ ಬಿಡುತ್ತದೆ. ಹೀಗೆ ತುದಿಯನ್ನು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ನಿಖರವಾಗಿ ಚಲಿಸಬಹುದು. ಹಿಡಿಯನ್ನು ಬಿಟ್ಟರೆ ತುದಿ ಅಲ್ಲೇ ನಿಲ್ಲುತ್ತದೆ.

ಹಾಗಾದರೆ ವೈದ್ಯರು ಬೇಡವೇ?

ಖಂಡಿತ ಬೇಕು! ಎಲ್ಲಿ ಹಿಡಿಯಬೇಕು, ಎಷ್ಟು ಎಳೆಯಬೇಕು, ಯಾವಾಗ ನಿಲ್ಲಿಸಬೇಕು ಎಂದು ನಿರ್ಧರಿಸುವವರು ವೈದ್ಯರೇ. ಆಕ್ಸ್‌ಫರ್ಡ್‌ನಲ್ಲಿ 12 ರೋಗಿಗಳ ಪದರವನ್ನು ತೆಗೆಯಲಾಯಿತು. ಆರು ಮಂದಿಗೆ ರೋಬೋಟ್ ಬಳಸಿ, ಉಳಿದ ಆರು ಮಂದಿಗೆ ಕೈಯಿಂದಲೇ ಮಾಡಿದರು. 2018ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡೂ ವಿಧಾನಗಳು ಯಶಸ್ವಿಯಾಗಿದ್ದವು, ಆದರೆ ರೋಬೋಟ್ ಹೆಚ್ಚು ಸಮಯ ತೆಗೆದುಕೊಂಡಿತು. ಆದರೂ ಅಕ್ಷಿಪಟಲದ ಅಡಿಗೆ ಔಷಧವನ್ನು ನಿಧಾನವಾಗಿ ಸೇರಿಸುವಂತಹ ಚಿಕಿತ್ಸೆಗಳಿಗೆ, ಅಲುಗದೆ ನಿಲ್ಲುವ ಇಂತಹ ಕೈ ಬಹಳ ಉಪಯುಕ್ತ.

ಮಾಡಿ ನೋಡಿ: ಮುಂಗೈಯನ್ನು ಡೆಸ್ಕಿನ ಮೇಲೆ ಊರಿ ಹಾಳೆಯ ಪ್ರಯೋಗವನ್ನು ಮತ್ತೆ ಮಾಡಿ. ಹಾಳೆಯ ಅಂಚು ಡೆಸ್ಕಿನಿಂದ ಹೊರಗಿರಲಿ. ನಡುಕ ಕಡಿಮೆಯಾಯಿತೇ? ಕಾರಣವೇನೆಂದು ಗೆಳೆಯರೊಂದಿಗೆ ಚರ್ಚಿಸಿ.